ಮಾಕಳಿದುರ್ಗದ ಏರು

ಮಾಕಳಿದುರ್ಗದಲ್ಲಿ ಮೊದಲು ಹೊಗೆ ಕಾಣುತ್ತದೆ, ಆಮೇಲೆ ಸದ್ದು ಕೇಳುತ್ತದೆ, ಎಲ್ಲ ಆದ ಮೇಲೆ ಎಂಜಿನ್ ಬರುತ್ತದೆ. ದೊಡ್ಡಬಳ್ಳಾಪುರ ಸಮುದ್ರ ಮಟ್ಟದಿಂದ ಸುಮಾರು 880 ಮೀಟರ್ ಎತ್ತರದಲ್ಲಿದೆ. ಉತ್ತರಕ್ಕೆ ಗೌರಿಬಿದನೂರು ಸುಮಾರು 690 ಮೀಟರ್. ಈ ವ್ಯತ್ಯಾಸವನ್ನು ರೈಲು ಹಳಿ ಮಾಕಳಿ ಬೆಟ್ಟದ ಬುಡವನ್ನು ಬಳಸಿಕೊಂಡು ಇಳಿದು ತೀರಿಸುತ್ತದೆ. 1890ರ ದಶಕದಲ್ಲಿ ಮೀಟರ್ ಗೇಜ್ ಆಗಿ ಬಿದ್ದ ಹಾದಿ, ಆಮೇಲೆ ಬ್ರಾಡ್ ಗೇಜ್ ಆಯಿತು, ಈಗ ಮೇಲೊಂದು 25,000 ವೋಲ್ಟಿನ ತಂತಿಯೂ ಬಂದಿದೆ. ಗೌರಿಬಿದನೂರಿನ ಕಡೆಯಿಂದ ತುಂಬಿದ ಗೂಡ್ಸ್ ಗಾಡಿ ಬರುವುದೆಂದರೆ ಆ ಏರನ್ನು ಹತ್ತುವುದೆಂದೇ ಅರ್ಥ. ತಂತಿ ಇದ್ದರೂ ಆಗೊಮ್ಮೆ ಈಗೊಮ್ಮೆ ಹಳೆಯ ಡೀಸೆಲ್ ಎಂಜಿನ್ ಆ ಕೆಲಸಕ್ಕೆ ಬರುವುದುಂಟು. ಬೆಟ್ಟದ ಮೇಲಿನ ಕೋಟೆ ಹತ್ತಲು ಬಂದ ಬೆಂಗಳೂರಿನ ಹುಡುಗರು ಆಗ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಕೋಟೆಯನ್ನು ಮರೆತು ಹಳಿಯ ಕಡೆ ತಿರುಗುತ್ತೇನೆ.

ಆ ಕಪ್ಪು ಹೊಗೆಯನ್ನು ಕಂಡವರೆಲ್ಲ ‘ಎಂಜಿನ್‌ಗೆ ವಯಸ್ಸಾಯಿತು’ ಎನ್ನುತ್ತಾರೆ. ವಯಸ್ಸಂತೂ ಆಗಿದೆ. ಆದರೆ ಹೊಸದಾಗಿ ಕಾರ್ಖಾನೆಯಿಂದ ಹೊರಬಿದ್ದ ದಿನವೂ ಅದು ಹೀಗೇ ಹೊಗೆ ಉಗುಳುತ್ತಿತ್ತು.

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಸಿಲಿಂಡರಿನೊಳಗೆ ಬಲವಾಗಿ ಅದುಮಿದರೆ ಅದು 500 ಡಿಗ್ರಿಗೂ ಮೀರಿ ಕಾಯುತ್ತದೆ. ಆ ಬಿಸಿಗಾಳಿಗೆ ಎಣ್ಣೆ ಚಿಮ್ಮಿದರೆ ತಾನೇ ಹೊತ್ತಿಕೊಳ್ಳುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುವುದು ಗೊತ್ತಲ್ಲ, ಅದರ ಅಣ್ಣ ಇದು. ಹೆಚ್ಚು ಎಣ್ಣೆ ಉರಿಯಬೇಕೆಂದರೆ ಹೆಚ್ಚು ಗಾಳಿ ಬೇಕು. ಅದನ್ನು ತುರುಕಲು ಟರ್ಬೋ ಇದೆ. ಎಂಜಿನ್‌ನಿಂದ ಹೊರಬೀಳುವ ಬಿಸಿ ಹೊಗೆಯೇ ಒಂದು ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರದ ಇನ್ನೊಂದು ತುದಿ ಹೊರಗಿನ ಗಾಳಿಯನ್ನು ಒಳಕ್ಕೆ ಒತ್ತುತ್ತದೆ.

ತೊಡಕು ಇಲ್ಲೇ ಇರುವುದು. ಡ್ರೈವರ್ ಕೈಯಲ್ಲಿರುವ ಹಿಡಿಗೆ ಎಂಟು ಮೆಟ್ಟಿಲು, ‘ನಾಚ್’ ಎನ್ನುತ್ತಾರೆ. ಏರು ಬಂತೆಂದು ಅವರು ಮೂರನೆಯ ನಾಚಿನಿಂದ ಆರಕ್ಕೆ ಏರಿಸಿದರೆ ಎಣ್ಣೆ ತಕ್ಷಣ ಹೆಚ್ಚಾಗುತ್ತದೆ. ಟರ್ಬೋ ತಕ್ಷಣ ಹೆಚ್ಚಾಗಲಾರದು; ಅದನ್ನು ತಿರುಗಿಸಬೇಕಾದ ಹೊಗೆಯ ಬಲ ಇನ್ನೂ ಹುಟ್ಟಿಯೇ ಇಲ್ಲ. ಎಣ್ಣೆ ಬಂತು, ಗಾಳಿ ಬರಲಿಲ್ಲ. ಅರೆಬೆಂದ ಇಂಗಾಲ ಮಸಿಯಾಗಿ ಚಿಮಣಿಯಿಂದ ಹೊರಬೀಳುತ್ತದೆ. ಕೆಲವು ಸೆಕೆಂಡುಗಳಲ್ಲಿ ಟರ್ಬೋ ವೇಗ ಹಿಡಿದು ಸಿಳ್ಳೆ ಹಾಕತೊಡಗಿದರೆ ಹೊಗೆ ತಿಳಿಯಾಗುತ್ತದೆ. ಅಂದರೆ ನಾವು ನೋಡುವ ಕಪ್ಪು ಮೋಡ ಎರಡು ಯಂತ್ರಗಳ ನಡುವಿನ ಕಾಲದ ಅಂತರ. ಈ ಅಂತರವನ್ನು ಮೊಟಕು ಮಾಡಲು, ಗಾಳಿಯ ಒತ್ತಡ ಏರುವವರೆಗೂ ಎಣ್ಣೆಯನ್ನು ತಡೆಹಿಡಿಯುವ ಏರ್ಪಾಡುಗಳೂ ಇವೆ. ಪೂರ್ತಿ ಅಳಿಸಲು ಆಗಿಲ್ಲ. ಶೆಡ್ಡಿನ ಅನುಭವಿ ಫಿಟ್ಟರ್ ಹೊಗೆಯ ಬಣ್ಣವನ್ನು ನಾಡಿ ಹಿಡಿದಂತೆ ಓದುತ್ತಾನೆ. ಕಪ್ಪಾದರೆ ಗಾಳಿ ಸಾಲದು, ನೀಲಿಯಾದರೆ ಒಳಗಿನ ಲೂಬ್ ಆಯಿಲ್ ಉರಿಯುತ್ತಿದೆ, ಬಿಳಿಯಾದರೆ ಎಣ್ಣೆ ಹೊತ್ತದೆ ಹೊರಬರುತ್ತಿದೆ ಅಥವಾ ಎಲ್ಲೋ ನೀರು ಸೋರಿದೆ.

ಈ ಎಂಜಿನ್ನಿನ ಊರು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ. ಅಲ್ಲಿನ ಅಮೆರಿಕನ್ ಲೋಕೋಮೋಟಿವ್ ಕಂಪನಿ, ಚಿಕ್ಕದಾಗಿ ಆಲ್ಕೋ. 1962ರಲ್ಲಿ ಅದರ ಹೊಸ ಮಾದರಿ ಭಾರತಕ್ಕೆ ಬಂತು; 1964ರ ಜನವರಿಯಿಂದ ಬನಾರಸ್ಸಿನ ಡೀಸೆಲ್ ಲೋಕೋಮೋಟಿವ್ ವರ್ಕ್ಸ್‌ನಲ್ಲೇ ತಯಾರಾಗತೊಡಗಿತು. ಹೆಸರು ಡಬ್ಲ್ಯುಡಿಎಂ-2. ರೈಲಿನವರ ಹೆಸರುಗಳು ಒಗಟಿನಂತೆ ಕಂಡರೂ ಬಿಡಿಸುವುದು ಸುಲಭ: ಡಬ್ಲ್ಯು ಎಂದರೆ ಬ್ರಾಡ್ ಗೇಜ್, ಡಿ ಡೀಸೆಲ್, ಎಂ ಎಂದರೆ ಪ್ರಯಾಣಿಕರ ಗಾಡಿಗೂ ಗೂಡ್ಸಿಗೂ ಆಗುವ ಮಿಶ್ರ ಕೆಲಸದ್ದು. ಗೂಡ್ಸಿಗೆಂದೇ ಮಾಡಿದ್ದಾದರೆ ಜಿ. ಡಬ್ಲ್ಯುಡಿಜಿ-3ಎ ಎಂಬಲ್ಲಿ 3 ಎಂದರೆ ಮೂರು ಸಾವಿರ ಅಶ್ವಶಕ್ತಿ, ಎ ಎಂದರೆ ಅದರ ಮೇಲೆ ಇನ್ನೂ ನೂರು. ಡಬ್ಲ್ಯುಡಿಎಂ-2ಕ್ಕೆ 2,600 ಅಶ್ವಶಕ್ತಿ; ಅದರ ಹೆಸರಿನ 2 ಮಾತ್ರ ಹಳೆಯ ಲೆಕ್ಕದ್ದು, ಎರಡನೆಯ ಪೀಳಿಗೆ ಎಂದಷ್ಟೇ ಅರ್ಥ. ಎರಡೂವರೆ ಸಾವಿರಕ್ಕೂ ಹೆಚ್ಚು ಡಬ್ಲ್ಯುಡಿಎಂ-2 ಎಂಜಿನ್‌ಗಳು ನಮ್ಮ ದೇಶದಲ್ಲಿ ಓಡಿವೆ.

ಇವೆಲ್ಲದರ ಒಳಗಿರುವುದು ಒಂದೇ ಮನೆತನದ ಎಂಜಿನ್, ಆಲ್ಕೋ 251. ಹದಿನಾರು ಸಿಲಿಂಡರ್, ವಿ ಆಕಾರ, ನಾಲ್ಕು ಹೊಡೆತದ ಆವರ್ತ. ಅಮೆರಿಕದ ನಾಸಾ ತನ್ನ ರಾಕೆಟ್ಟುಗಳನ್ನು ಉಡಾವಣಾ ಕಟ್ಟೆಗೆ ಹೊತ್ತೊಯ್ಯುವ ದೈತ್ಯ ತೇರಿನಂಥ ವಾಹನಕ್ಕೂ ಇದೇ ಮನೆತನದ ಎರಡು ಎಂಜಿನ್ ಕೂರಿಸಿತ್ತು. 1969ರಲ್ಲಿ ಅಪೊಲೊ 11ರ ರಾಕೆಟ್ಟನ್ನು ಕಟ್ಟೆಗೆ ಸಾಗಿಸಿದ್ದು ಅವೇ. ಅದೇ ವರ್ಷ ಸ್ಕೆನೆಕ್ಟಡಿಯ ಕಾರ್ಖಾನೆಗೆ ಬೀಗ ಬಿತ್ತು. ತವರು ಮುಚ್ಚಿದ ಮೇಲೂ ಬನಾರಸ್ಸು ಅದೇ ಎಂಜಿನ್ನನ್ನು ದಶಕಗಟ್ಟಲೆ ತಯಾರಿಸುತ್ತಲೇ ಇತ್ತು. ಪಟಿಯಾಲದ ಕಾರ್ಖಾನೆ ಹದಿನೆಂಟು ವರ್ಷ ದುಡಿದವನ್ನು ಬಿಚ್ಚಿ ಮತ್ತೆ ಕಟ್ಟಿ ಇನ್ನೊಂದು ಹದಿನೆಂಟು ವರ್ಷಕ್ಕೆ ಕಳಿಸುತ್ತಿತ್ತು. ಬೆಂಗಳೂರಿನ ಕೃಷ್ಣರಾಜಪುರದ ಡೀಸೆಲ್ ಶೆಡ್ಡಿನಲ್ಲಿ ಮೈತೊಳೆದುಕೊಂಡು, ಎಣ್ಣೆ ಬದಲಿಸಿಕೊಂಡು ಹೊರಡುತ್ತಿದ್ದವೂ ಇವೇ.

ಈಗ ಒಂದು ಪ್ರಶ್ನೆ. ಲಾರಿಯಲ್ಲೂ ಡೀಸೆಲ್ ಎಂಜಿನ್ ಇದೆ. ಅದು ಗೇರು, ಕ್ಲಚ್ಚು, ಶಾಫ್ಟುಗಳ ಮೂಲಕ ಚಕ್ರವನ್ನು ತಿರುಗಿಸುತ್ತದೆ. ರೈಲಿನಲ್ಲೂ ಹಾಗೇ ಮಾಡಬಾರದೇಕೆ?

ತೋಟದಲ್ಲಿ ಹಳೆಯ ಡೀಸೆಲ್ ಪಂಪ್‌ಸೆಟ್ ಚಾಲೂ ಮಾಡಿದವರಿಗೆ ಉತ್ತರ ಗೊತ್ತು. ಮೊದಲು ಸಿಲಿಂಡರಿನ ಗಾಳಿ ಸಲೀಸಾಗಿ ಹೋಗಲು ಒಂದು ಹಿಡಿ ಎತ್ತಿಟ್ಟು, ಹ್ಯಾಂಡಲ್ ಹಾಕಿ ಗರಗರ ತಿರುಗಿಸಿ, ವೇಗ ಬಂದ ಮೇಲೆ ಹಿಡಿ ಬಿಡಬೇಕು. ತಿರುಗದೆ ನಿಂತ ಡೀಸೆಲ್ ಎಂಜಿನ್‌ಗೆ ಶೂನ್ಯ ಬಲ. ಅದು ಭಾರವನ್ನು ಹೊತ್ತುಕೊಂಡೇ ಏಳಲಾರದು. ನಾಲ್ಕು ಸಾವಿರ ಟನ್ನಿನ ಗಾಡಿಯನ್ನು ನಿಂತಲ್ಲಿಂದ ಎಳೆಯಬೇಕಾದ ಗಳಿಗೆಯಲ್ಲಿ ಇಂಥ ಸ್ವಭಾವದ ಯಂತ್ರವನ್ನು ನೇರವಾಗಿ ಚಕ್ರಕ್ಕೆ ಕಟ್ಟಿದರೆ ಯಾವ ಕ್ಲಚ್ಚೂ ಉಳಿಯದು.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಮಾಕಳಿದುರ್ಗದಿಂದ ದೂರವೇನಲ್ಲ. ಅಲ್ಲಿ ಹಳ್ಳಿಕಾರ್ ಜೋಡಿಯನ್ನು ಕೊಳ್ಳುವ ರೈತ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಜೊತೆಗೆ ಇನ್ನೊಂದನ್ನೂ ನೋಡುತ್ತಾನೆ: ಕೆಸರಿನಲ್ಲಿ ಹೂತ ಗಾಡಿಯನ್ನು ಮೊದಲ ಎಳೆತದಲ್ಲಿ ಅಲುಗಿಸುವ ತಾಕತ್ತು ಇದೆಯೇ? ಒಳ್ಳೆಯ ರಾಸು ನಿಂತಲ್ಲಿ ಅತಿ ಹೆಚ್ಚು ಎಳೆಯುತ್ತದೆ. ನಡೆಯತೊಡಗಿದ ಮೇಲೆ ಅಷ್ಟು ಬೇಕಾಗುವುದಿಲ್ಲ. ವಿದ್ಯುತ್ ಮೋಟಾರುಗಳಲ್ಲಿ ಈ ರಾಸಿನ ಸ್ವಭಾವದ್ದೊಂದಿದೆ. ಡಿ.ಸಿ. ಸೀರೀಸ್ ಮೋಟಾರು. ನಿಂತಾಗ ಅದಕ್ಕೆ ಕರೆಂಟ್ ಹರಿಸಿದರೆ ತಡೆಯಿಲ್ಲದೆ ಹರಿಯುತ್ತದೆ, ತಿರುಚುವ ಬಲ ತುದಿ ಮುಟ್ಟುತ್ತದೆ. ವೇಗ ಏರಿದಂತೆ ಮೋಟಾರು ತಾನೇ ಎದುರು ವೋಲ್ಟೇಜ್ ಹುಟ್ಟಿಸಿಕೊಂಡು ಕರೆಂಟನ್ನು ಇಳಿಸುತ್ತದೆ.

ಹೀಗಾಗಿ ಆಲ್ಕೋದ ಡೀಸೆಲ್ ಎಂಜಿನ್ ಚಕ್ರವನ್ನು ಮುಟ್ಟುವುದೇ ಇಲ್ಲ. ಅದು ಜನರೇಟರ್ ತಿರುಗಿಸುತ್ತದೆ, ಅಷ್ಟೇ. ಆ ವಿದ್ಯುತ್ತು ಕೆಳಗಿನ ಆರು ಅಚ್ಚುಗಳ ಮೇಲೆ ಕೂತ ಆರು ಮೋಟಾರುಗಳಿಗೆ ಹೋಗುತ್ತದೆ. ನಾವು ಡೀಸೆಲ್ ಎಂಜಿನ್ ಎಂದು ಕರೆಯುವುದು ನಿಜವಾಗಿ ಬೆನ್ನ ಮೇಲೆ ಪವರ್‌ಹೌಸ್ ಹೊತ್ತ ವಿದ್ಯುತ್ ಎಂಜಿನ್. ಮೇಲೆ ತಂತಿ ಬಂದದ್ದರಿಂದ ಆದ ಬದಲಾವಣೆ ಇಷ್ಟೇ: ಪವರ್‌ಹೌಸ್ ರಾಯಚೂರಿಗೋ ಪಾವಗಡಕ್ಕೋ ಹೋಯಿತು.

ಬಲ ಇದ್ದರೆ ಸಾಲದು, ಹಿಡಿತ ಬೇಕು. ಉಕ್ಕಿನ ಚಕ್ರ ಉಕ್ಕಿನ ಹಳಿಯನ್ನು ಮುಟ್ಟುವ ಜಾಗ ಹೆಬ್ಬೆರಳಿನ ಉಗುರಿನಷ್ಟು. ಹನ್ನೆರಡು ಚಕ್ರ, ಹನ್ನೆರಡು ಉಗುರು. ಅದರ ಮೇಲೆ ಡಬ್ಲ್ಯುಡಿಜಿ-3ಎ ಎಂಜಿನ್ನಿನ 123 ಟನ್ ಭಾರ ಕೂತಿದೆ. ಒಣ ಹಳಿಯ ಮೇಲೆ ಭಾರದ ಮೂರನೆಯ ಒಂದು ಪಾಲಿಗಿಂತ ಕೊಂಚ ಕಡಿಮೆ ಎಳೆತ ಸಿಕ್ಕುತ್ತದೆ, ಹೆಚ್ಚೆಂದರೆ 37 ಟನ್. ಅದಕ್ಕೂ ಮೀರಿ ಬಲ ಕೊಟ್ಟರೆ ಚಕ್ರ ನಿಂತಲ್ಲೇ ತಿರುಗಿ ಹಳಿಯನ್ನು ಸವೆಸುತ್ತದೆ. ಸೋನೆ ಮಳೆ ಬಂದರೆ ಇನ್ನೂ ಕಷ್ಟ. ಜಡಿಮಳೆ ಹಳಿಯನ್ನು ತೊಳೆದುಬಿಡುತ್ತದೆ, ಸೋನೆ ಮಳೆ ಧೂಳನ್ನು ಕಲಸಿ ಜಾರುಬಂಡೆ ಮಾಡುತ್ತದೆ. ಆಗ ಡ್ರೈವರ್ ಒತ್ತುವ ಗುಂಡಿ ಚಕ್ರದ ಮುಂದೆ ಮರಳು ಉದುರಿಸುತ್ತದೆ. ಮೂರು ಸಾವಿರ ಅಶ್ವಶಕ್ತಿಯ ಯಂತ್ರ ಕೊನೆಗೆ ಒಂದು ಹಿಡಿ ಒಣ ಮರಳಿಗೆ ಮೊರೆಹೋಗುವುದು ನನಗೆ ಯಾವಾಗಲೂ ಖುಷಿ ಕೊಡುತ್ತದೆ.

ಲೆಕ್ಕವನ್ನು ಇನ್ನೂ ಸ್ವಲ್ಪ ಮುಂದಕ್ಕೆ ಒಯ್ಯೋಣ. ಸಮತಟ್ಟಾದ ಹಳಿಯ ಮೇಲೆ ಒಂದು ಟನ್ ಭಾರವನ್ನು ಉರುಳಿಸಲು ಎರಡೂವರೆ ಕಿಲೋ ಎಳೆತ ಸಾಕು. ಟಾರು ರಸ್ತೆಯಲ್ಲಿ ಲಾರಿಯ ಟೈರಿಗೆ ಅದರ ಮೂರ್ನಾಲ್ಕು ಪಟ್ಟು ಬೇಕು. (2020ರ ಆಗಸ್ಟ್ 30ರಂದು ನೆಲಮಂಗಲದಿಂದ ಸೊಲ್ಲಾಪುರದ ಪಕ್ಕದ ಬಾಳೆಗೆ ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿ ಕಳಿಸಿದ್ದರ ಹಿಂದೆ ಇರುವುದೂ ಈ ಭೌತಶಾಸ್ತ್ರವೇ.) ನಾಲ್ಕು ಸಾವಿರ ಟನ್ನಿನ ಗಾಡಿಗೆ ಸಮತಟ್ಟಿನಲ್ಲಿ ಹತ್ತು ಟನ್ ಎಳೆತ. ಒಂದು ಆಲ್ಕೋ ಆರಾಮಾಗಿ ಎಳೆಯುತ್ತದೆ. ಆದರೆ ನೂರು ಮೀಟರಿಗೆ ಒಂದು ಮೀಟರ್ ಏರು ಬಂತೆಂದುಕೊಳ್ಳಿ. ಕಣ್ಣಿಗೆ ಏರು ಅಂತಲೇ ಅನಿಸುವುದಿಲ್ಲ, ನಮ್ಮ ಮನೆಯ ಬಚ್ಚಲಿನ ಇಳಿಜಾರೂ ಅದಕ್ಕಿಂತ ಹೆಚ್ಚಿರುತ್ತದೆ. ಆದರೂ ಗುರುತ್ವ ಒಮ್ಮೆಗೇ ಇನ್ನೂ 40 ಟನ್ ಕೇಳುತ್ತದೆ. ಒಟ್ಟು 50. ಒಂದು ಎಂಜಿನ್‌ಗೆ ಆಗದ ಮಾತು. ಎರಡು ಎಂಜಿನ್ ಬೆನ್ನಿಗೆ ಬೆನ್ನು ಕೊಟ್ಟು ಒಬ್ಬ ಡ್ರೈವರಿನ ಕೈಕೆಳಗೆ ದುಡಿಯುವುದನ್ನು ಏರುಗಳಲ್ಲಿ ಕಾಣುವುದು ಇದಕ್ಕೇ.

ಇನ್ನು ವೇಗ. 3,100 ಅಶ್ವಶಕ್ತಿಯಲ್ಲಿ ಜನರೇಟರು, ಮೋಟಾರು, ಫ್ಯಾನುಗಳು ನುಂಗಿ ಉಳಿದದ್ದು ನೂರಕ್ಕೆ ಎಂಬತ್ತೈದು ಪಾಲು ಎನ್ನಿ. 37 ಟನ್ ಎಳೆಯುತ್ತಿರುವಾಗ ಆ ಶಕ್ತಿಗೆ ಗಂಟೆಗೆ 19–20 ಕಿ.ಮೀ.ಗಿಂತ ಹೆಚ್ಚು ವೇಗ ಕೊಡಲಾಗದು. ಹಳಿ ಪಕ್ಕದ ಕಾಲುದಾರಿಯಲ್ಲಿ ಸೈಕಲ್ ತುಳಿಯುವ ಹುಡುಗ ಜೊತೆಜೊತೆಗೇ ಬರಬಹುದು. ಎಂಟನೆಯ ನಾಚಿನಲ್ಲಿ ಕ್ರ್ಯಾಂಕು ನಿಮಿಷಕ್ಕೆ ಸುಮಾರು ಸಾವಿರ ಸುತ್ತು, ಸೆಕೆಂಡಿಗೆ ನೂರ ಮೂವತ್ತಕ್ಕೂ ಹೆಚ್ಚು ಸ್ಫೋಟ, ಗಂಟೆಗೆ ಸುಮಾರು 580 ಲೀಟರ್ ಡೀಸೆಲ್. ಗಾಡಿ ಮಾತ್ರ ಸೈಕಲ್ಲಿನ ವೇಗದಲ್ಲಿ.

ಏರು ಮುಗಿದರೆ ದೊಡ್ಡಬಳ್ಳಾಪುರದ ನಿಲ್ದಾಣ. ಅಲ್ಲಿ ಗೂಡ್ಸ್ ಗಾಡಿಗೆ ಬೇಗ ದಾರಿ ಸಿಕ್ಕುವುದಿಲ್ಲ. ಪ್ರಯಾಣಿಕರ ಗಾಡಿ ಮುಂದೆ ಹೋಗುವವರೆಗೂ ಲೂಪ್ ಲೈನಿನಲ್ಲಿ ನಿಲ್ಲಬೇಕು. ಮಗ್ಗಗಳ ಸದ್ದಿನ ಊರಿಗೆ ಈ ಎಂಜಿನ್ನಿನ ಸದ್ದು ಪರಕೀಯವಲ್ಲ. ನಿಂತ ಆಲ್ಕೋ ನಿಮಿಷಕ್ಕೆ ನಾನೂರು ಸುತ್ತಿನ ಆಸುಪಾಸಿನಲ್ಲಿ, ನಾಗಾಲೋಟಕ್ಕೆ ಮೊದಲು ಕುದುರೆ ಕಾಲು ಕೆದರುವ ಹಾಗೆ, ಧಡಕ್ ಧಡಕ್ ಎನ್ನುತ್ತಲೇ ಇರುತ್ತದೆ. ಆಗಲೂ ಗಂಟೆಗೆ ಇಪ್ಪತ್ತು ಲೀಟರಿಗೂ ಹೆಚ್ಚು ಎಣ್ಣೆ ಹೋಗುತ್ತದೆ. ಆಫ್ ಮಾಡಬಾರದೇ ಎಂದು ನೋಡುವವರ ಹೊಟ್ಟೆ ಉರಿಯುವುದು ಸಹಜ.

ಆಫ್ ಮಾಡುವುದು ಸುಲಭ, ಆನ್ ಮಾಡುವುದು ಕಷ್ಟ. ಇಷ್ಟು ದೊಡ್ಡ ಎಂಜಿನ್‌ಗೆ ಬೇರೆ ಸ್ಟಾರ್ಟರ್ ಮೋಟಾರ್ ಇಲ್ಲ. ಡಬ್ಲ್ಯುಡಿಎಂ-2ರಲ್ಲಿ ವಿದ್ಯುತ್ ಹುಟ್ಟಿಸುವ ಮುಖ್ಯ ಜನರೇಟರಿಗೇ ಬ್ಯಾಟರಿಯಿಂದ ಕರೆಂಟು ಕೊಟ್ಟು, ಅದನ್ನೇ ಮೋಟಾರಾಗಿಸಿ, ಹದಿನಾರು ಪಿಸ್ಟನ್‌ಗಳನ್ನು ಎಳೆಸುತ್ತಾರೆ. ಬ್ಯಾಟರಿ ಸೊರಗಿದ್ದರೆ ಕತೆ ಮುಗಿಯಿತು. ಪಂಪ್‌ಸೆಟ್ಟಿನ ಹಾಗೆ ಹ್ಯಾಂಡಲ್ ಹಾಕಿ ತಿರುಗಿಸುವ ಮಾತಿಲ್ಲ. ಅಲ್ಲದೆ ಬ್ರೇಕಿಗೆ ಬೇಕಾದ ಗಾಳಿಯನ್ನು ಒತ್ತುವ ಕಂಪ್ರೆಸರ್ ತಿರುಗುವುದೂ ಇದೇ ಎಂಜಿನ್ನಿನಿಂದ. ಎಂಜಿನ್ ನಿಂತರೆ ಗಾಳಿ ಸೋರುತ್ತಾ ಹೋಗುತ್ತದೆ. ಮತ್ತೆ ಉದ್ದ ಗಾಡಿಯ ಪೈಪುಗಳನ್ನೆಲ್ಲ ತುಂಬಿಸಿಕೊಂಡು ಹೊರಡಬೇಕು. ಹಸಿರು ಸಿಗ್ನಲ್ ಬಿದ್ದ ಹೊತ್ತಿಗೆ ಎಂಜಿನ್ ಮುನಿಸಿಕೊಂಡರೆ ಹಿಂದಿನ ಎಲ್ಲ ಗಾಡಿಗಳೂ ನಿಲ್ಲುತ್ತವೆ. ಹೀಗಾಗಿ ಡ್ರೈವರ್ ಡೀಸೆಲ್ ಸುಡುತ್ತಾ ಕೂರುವುದನ್ನೇ ಆರಿಸಿಕೊಳ್ಳುತ್ತಾನೆ.

ಇಳಿಯುವಾಗಿನದು ಬೇರೆಯೇ ವ್ಯವಹಾರ. ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿಗೆ ನಾಲ್ಕು ಸಾವಿರ ಟನ್ನಿನ ಗಾಡಿ 190 ಮೀಟರ್ ಕೆಳಗಿಳಿದರೆ ಗುರುತ್ವದಿಂದ ಬಿಡುಗಡೆಯಾಗುವ ಶಕ್ತಿ ಸುಮಾರು 2,070 ಯೂನಿಟ್, ನಮ್ಮ ಮನೆಯ ಮೀಟರಿನ ಲೆಕ್ಕದಲ್ಲೇ. ಅರ್ಧಕ್ಕೆ ಕೊಂಚ ಕಡಿಮೆ ಉರುಳುವ ಘರ್ಷಣೆಗೆ ಹೋಗುತ್ತದೆ. ಉಳಿದ ಸಾವಿರ ಚಿಲ್ಲರೆ ಯೂನಿಟ್ ಎಲ್ಲಾದರೂ ಹೋಗಲೇಬೇಕು, ಇಲ್ಲದಿದ್ದರೆ ಗಾಡಿ ಕೈಮೀರುತ್ತದೆ. ಬರೀ ಬ್ರೇಕ್ ಒತ್ತಿದರೆ ಬ್ರೇಕ್ ಬ್ಲಾಕುಗಳು ಕೆಂಪಗೆ ಕಾಯುತ್ತವೆ. ಡ್ರೈವರ್ ಆಗ ಆರು ಮೋಟಾರುಗಳನ್ನು ತಿರುಗುಮುರುಗು ಮಾಡಿ ಜನರೇಟರುಗಳಾಗಿಸುತ್ತಾನೆ. ಚಕ್ರಗಳೇ ವಿದ್ಯುತ್ ಹುಟ್ಟಿಸುತ್ತವೆ, ಹುಟ್ಟಿಸುವ ಶ್ರಮಕ್ಕೆ ಅವುಗಳ ವೇಗ ಕುಗ್ಗುತ್ತದೆ. ಆದರೆ ಆ ವಿದ್ಯುತ್ತನ್ನು ಇಡಲು ಡೀಸೆಲ್ ಎಂಜಿನ್‌ನಲ್ಲಿ ಜಾಗವಿಲ್ಲ. ಇಸ್ತ್ರಿಪೆಟ್ಟಿಗೆಯ ತಂತಿಯಂಥ ಪಟ್ಟಿಗಳಿಗೆ ಹರಿಸಿ, ಫ್ಯಾನ್ ಹಾಕಿ, ಬಿಸಿಗಾಳಿಯಾಗಿ ಆಕಾಶಕ್ಕೆ ಬಿಟ್ಟುಬಿಡುತ್ತಾರೆ. ಹೊಸ ವಿದ್ಯುತ್ ಎಂಜಿನ್ ಅದನ್ನು ತಂತಿಗೇ ವಾಪಸು ಕೊಡುತ್ತದೆ. ಕೆಳಗಿಳಿಯುವ ಗಾಡಿಯ ವಿದ್ಯುತ್ತು ಅದೇ ಹೊತ್ತಿಗೆ ಮೇಲೇರುತ್ತಿರುವ ಇನ್ನೊಂದರ ಬೆನ್ನಿಗೆ ನಿಲ್ಲಬಹುದು. ನನ್ನ ಮಟ್ಟಿಗೆ, ಹಳೆಯ ಡೀಸೆಲ್ ಸೋತದ್ದು ಏರಿನಲ್ಲಲ್ಲ, ಈ ಇಳಿಜಾರಿನಲ್ಲಿ. ಹೊಗೆಯ ಮಾತು ಆಮೇಲಿನದು.

ಡೀಸೆಲ್‌ನೊಳಗೂ ಆಲ್ಕೋಗೆ ಎದುರಾಳಿ ಬಂದಿತ್ತು. 1999ರಲ್ಲಿ ಅಮೆರಿಕದಿಂದ ಜನರಲ್ ಮೋಟಾರ್ಸ್ ಮಾದರಿಯ ಡಬ್ಲ್ಯುಡಿಜಿ-4 ಬಂತು, ಹುಬ್ಬಳ್ಳಿಯ ಶೆಡ್ ಅವುಗಳ ದೊಡ್ಡ ನೆಲೆಯಾಯಿತು. 4,000 ಅಶ್ವಶಕ್ತಿ, ಎರಡು ಹೊಡೆತದ ಎಂಜಿನ್. ಅದರ ಟರ್ಬೋ ನಿಧಾನಗತಿಯಲ್ಲಿ ಹೊಗೆಗಾಗಿ ಕಾಯುವುದಿಲ್ಲ; ಗೇರಿನ ಮೂಲಕ ಎಂಜಿನ್ನೇ ಅದನ್ನು ತಿರುಗಿಸುತ್ತದೆ. ಹೊಗೆ ಕಡಿಮೆಯಾದದ್ದು ಅಲ್ಲಿ. ತೂಕ ಆಲ್ಕೋಗಿಂತ ಎರಡು ಮೂರು ಟನ್ ಹೆಚ್ಚಷ್ಟೇ, ಎಳೆತ ಮಾತ್ರ ಐವತ್ತು ಟನ್ನಿಗೂ ಮೇಲೆ. ಚಕ್ರ ಜಾರತೊಡಗಿದ ಕ್ಷಣವನ್ನು ಕಂಪ್ಯೂಟರು ಗುರುತಿಸಿ ಬಲವನ್ನು ಚೂರುಚೂರಾಗಿ ತಿದ್ದುವುದರಿಂದ ಅದೇ ಉಗುರಿನಗಲದ ಜಾಗದಿಂದ ಹೆಚ್ಚು ಹಿಡಿತ ಹಿಂಡುತ್ತದೆ. ಗಾಡಿಯ ಹಿಂದಿನ ವ್ಯಾಗನ್ನುಗಳ ಚಕ್ರ ಬಂದದ್ದು ಬಹುಶಃ ಅಮೆರಿಕದಿಂದಲ್ಲ, ಇದೇ ಹಾದಿಯ ಯಲಹಂಕದಿಂದ. 1984ರಿಂದ ಅಲ್ಲಿನ ಕಾರ್ಖಾನೆ ಗುಜರಿ ಉಕ್ಕನ್ನು ಕರಗಿಸಿ ಗ್ರಾಫೈಟ್ ಅಚ್ಚಿನಲ್ಲಿ ರೈಲು ಚಕ್ರ ಎರಕ ಹೊಯ್ಯುತ್ತಿದೆ. ಸವೆದ ಚಕ್ರ ಅಲ್ಲಿಗೇ ಹೋಗಿ ಮತ್ತೆ ಚಕ್ರವಾಗಿ ಬರಬಹುದು.

ಎಂಜಿನ್ನುಗಳಿಗೂ ಅಂಥ ಮರುಹುಟ್ಟು ಕೊಡುವ ಪ್ರಯತ್ನ ಒಮ್ಮೆ ನಡೆಯಿತು. ಬನಾರಸ್ಸಿನಲ್ಲಿ ಎರಡು ಡಬ್ಲ್ಯುಡಿಜಿ-3ಎ ಎಂಜಿನ್ನುಗಳ ಪವರ್‌ಹೌಸ್ ಕಿತ್ತು, ಅವಳಿ ವಿದ್ಯುತ್ ಎಂಜಿನ್ ಮಾಡಿ 2019ರ ಫೆಬ್ರವರಿಯಲ್ಲಿ ಹೊರಬಿಟ್ಟರು. ಇದು ಪವರ್‌ಹೌಸ್ ಹೊತ್ತ ವಿದ್ಯುತ್ ಎಂಜಿನ್ ಎಂದು ಮೇಲೆ ಹೇಳಿದ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಡೀಸೆಲ್ ತೆಗೆದರೂ ಅದು ಎಂಜಿನ್ನೇ. ಇನ್ನು ಕೆಲವು ಹಳಬರು ಗಡಿ ದಾಟಿದರು. 2023ರ ಮೇ ತಿಂಗಳಲ್ಲಿ ಇಪ್ಪತ್ತು ಬ್ರಾಡ್ ಗೇಜ್ ಡೀಸೆಲ್ ಎಂಜಿನ್ನುಗಳನ್ನು ಭಾರತ ಬಾಂಗ್ಲಾದೇಶಕ್ಕೆ ಕೊಟ್ಟಿತು.

ಇಲ್ಲೇ ಉಳಿದವಕ್ಕೆ ತಂತಿ ಹೋಗಲಾರದ ಜಾಗಗಳಿವೆ. ಹೊಸಕೋಟೆ ತಾಲ್ಲೂಕಿನ ದೇವನಗೊಂದಿ ಅಂಥದ್ದೊಂದು. ಚೆನ್ನೈ ಮಾರ್ಗದಲ್ಲಿರುವ ಈ ಪುಟ್ಟ ನಿಲ್ದಾಣದ ಪಕ್ಕ ತೈಲ ಕಂಪನಿಗಳ ಡಿಪೋಗಳು ಸಾಲುಗಟ್ಟಿವೆ. ಮಂಗಳೂರಿನಿಂದ ಹಾಸನದ ಮೇಲೆ ಹಾದು ಬರುವ ತೈಲ ಪೈಪ್‌ಲೈನ್ ಮುಗಿಯುವುದೂ ಇಲ್ಲೇ. ಪೆಟ್ರೋಲ್ ತುಂಬುವ, ಇಳಿಸುವ ಕಟ್ಟೆಯ ನೆತ್ತಿಯ ಮೇಲೆ 25,000 ವೋಲ್ಟ್ ಯಾರೂ ಹಾಯಿಸುವುದಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ಹರಡಿ ಕೂರುತ್ತದೆ. ಒಂದು ಕಿಡಿ ಸಾಕು. ಹಳಿಯ ಮೂಲಕ ವಾಪಸು ಹರಿಯುವ ಕರೆಂಟೂ ಅತ್ತ ಸುಳಿಯದಂತೆ ಹಳಿಯ ಸಂದಿಗೆ ವಿದ್ಯುತ್ ಹರಿಯದ ಜೋಡಣೆ ಹಾಕುತ್ತಾರೆ. ಕಂಟೇನರ್ ಇಳಿಸುವ ಯಾರ್ಡಿನಲ್ಲೂ ಇದೇ ಕಟ್ಟುಪಾಡು, ಕಾರಣ ಬೇರೆ: ತಂತಿ ಇದ್ದರೆ ಮೇಲಿನಿಂದ ಪೆಟ್ಟಿಗೆ ಎತ್ತುವ ಕ್ರೇನು ಕೈಯಾಡಿಸುವುದು ಹೇಗೆ?

ಇಂಥ ಸೈಡಿಂಗಿನ ಅಂಚಿನವರೆಗೆ ಟ್ಯಾಂಕರುಗಳ ಗಾಡಿಯನ್ನು ವಿದ್ಯುತ್ ಎಂಜಿನ್ ತರಬಹುದು. ಕೊನೆಯ ಕಂಬದ ಬಳಿ ಅದು ಕಳಚಿಕೊಂಡು ಪಕ್ಕಕ್ಕೆ ಸರಿಯಬೇಕು. ಆಮೇಲೆ ಇನ್ನೊಂದು ತುದಿಯಿಂದ ಡೀಸೆಲ್ ಎಂಜಿನ್ ನಿಧಾನವಾಗಿ ಬಂದು ಕೊಂಡಿಗೆ ತಾಗುತ್ತದೆ. ಪಾಯಿಂಟ್ಸ್‌ಮನ್ ಪೈಪು ಸಿಕ್ಕಿಸಿ, ಗಾಳಿಯ ಕೀಲಿ ತೆರೆದು, ಕೈಬಾವುಟ ಬೀಸುತ್ತಾನೆ. ಮೊದಲ ನಾಚು. ಒಂದು ಗುಕ್ಕು ಕಪ್ಪು ಹೊಗೆ, ಟರ್ಬೋ ಏಳುವವರೆಗೆ. ಆಮೇಲೆ ಐವತ್ತು ಟ್ಯಾಂಕರುಗಳ ಕೊಂಡಿಗಳು ಒಂದಾದ ಮೇಲೊಂದು ಒತ್ತಿಕೊಳ್ಳುವ ಸದ್ದು, ಡಿಪೋದ ಗೇಟಿನ ಕಡೆಗೆ.